ಬಂಗಾರದ ರೇಕಿನ ಕೆಳಗೆ

ಮೈಸೂರು ಸಾಂಪ್ರದಾಯಿಕ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಚಿನ್ನ. ಚಿತ್ರದ ಆಯಸ್ಸನ್ನೂ ಬೆಲೆಯನ್ನೂ ತೀರ್ಮಾನಿಸುವುದು ಮಾತ್ರ ಅದರಡಿಯ ಕಾಣದ ಕೆಲಸ. ಆ ಕೆಲಸದ ಚರಿತ್ರೆಯಲ್ಲಿ ಚನ್ನಗಿರಿ–ಹೊನ್ನಾಳಿ ಸೀಮೆಗೂ ಒಂದು ಪಾಲಿದೆ.

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಉಬ್ರಾಣಿ ಸೀಮೆಯ ಊರುಗಳಲ್ಲಿ ಹೊಸ ಮನೆಗಳು ಏಳುತ್ತವೆ. ಮನೆ ಎದ್ದ ಮೇಲೆ ದೇವರ ಕೋಣೆ ಬರಿದಾಗಿರಬಾರದು. ಹಳೇ ಗೋಡೆಯ ಮೇಲೆ ದೀಪದ ಹೊಗೆ ಕುಡಿದು ಮಸುಕಾಗಿದ್ದ ಲಕ್ಷ್ಮಿ, ಸರಸ್ವತಿ, ಗಣಪತಿಯ ಪಟ ಅಟ್ಟ ಸೇರುತ್ತದೆ. ಅದರ ಜಾಗಕ್ಕೆ ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಬಂಗಾರದ ಬಣ್ಣದಲ್ಲಿ ಝಗಝಗಿಸುವ ದೊಡ್ಡ ಪಟವೊಂದು ಬರುತ್ತದೆ. ಗೃಹಪ್ರವೇಶಕ್ಕೆ ಬಂದ ನೆಂಟರು ಅದರ ಮುಂದೆ ನಿಂತು ಕೈಮುಗಿದು, ಆಮೇಲೆ ಮೆಲ್ಲಗೆ ಕೇಳುತ್ತಾರೆ: ‘ಇದರಲ್ಲಿರೋದು ನಿಜವಾದ ಬಂಗಾರನಾ?’

ಕೇಳಬೇಕಾದ ಪ್ರಶ್ನೆಯೇ. ಆದರೆ ಅಲ್ಲಿಗೇ ನಿಂತರೆ ಚಿತ್ರದ ಮುಕ್ಕಾಲು ಪಾಲು ನಮಗೆ ಕಾಣುವುದೇ ಇಲ್ಲ. ನಿಜವಾದ ಚಿನ್ನ ಹಚ್ಚಿಯೂ ಕಳಪೆಯಾದ ಚಿತ್ರಗಳಿವೆ. ಚಿನ್ನದ ರೇಕು ಅಲ್ಲಲ್ಲಿ ಸವೆದಿದ್ದರೂ ನೂರೈವತ್ತು ವರ್ಷದಿಂದ ಕಣ್ಣು ಹಿಡಿದು ನಿಲ್ಲಿಸುವ ಚಿತ್ರಗಳೂ ಇವೆ. ವ್ಯತ್ಯಾಸ ಇರುವುದು ರೇಕಿನ ಕೆಳಗೆ: ಹಲಗೆಯ ಹದ, ಗೀಟಿನ ಬಿಗಿ, ಉಬ್ಬಿನ ನಯ. ಅದನ್ನು ನೋಡಲು ಕಲಿತರೆ ಚಿನ್ನ ಅಸಲಿಯೋ ನಕಲಿಯೋ ಎಂಬುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ.

ಮೈಸೂರು, ತಂಜಾವೂರು

ಅಂಗಡಿಯವರ ಬಾಯಲ್ಲಿ ಬಂಗಾರದ ಪಟವೆಲ್ಲ ‘ತಂಜಾವೂರು ಪೇಂಟಿಂಗ್’. ದಕ್ಷಿಣ ಭಾರತದಲ್ಲಿ ಈ ಜಾತಿಯ ದೇವರ ಚಿತ್ರಗಳಿಗೆ ಎರಡು ದೊಡ್ಡ ಮನೆತನಗಳಿವೆ. ವಿಜಯನಗರದ ಚಿತ್ರ ಪರಂಪರೆಯಿಂದ ಕವಲೊಡೆದ ಇವುಗಳಲ್ಲಿ ಒಂದು ತಂಜಾವೂರಿನಲ್ಲಿ ನಾಯಕರ, ಆಮೇಲೆ ಮರಾಠ ದೊರೆಗಳ ಆಶ್ರಯದಲ್ಲಿ ಬೆಳೆಯಿತು. ಇನ್ನೊಂದು ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಒಡೆಯರ ಆಶ್ರಯದಲ್ಲಿ ಬೆಳೆಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಗುರುತು ಹಿಡಿಯುವುದು ಕಷ್ಟವಲ್ಲ. ತಂಜಾವೂರಿನದು ತುಂಬಿದ ಮೈಯ ಚಿತ್ರ. ನಡುವೆ ದೊಡ್ಡದಾಗಿ ಒಬ್ಬ ದೇವರು, ಹೆಚ್ಚಾಗಿ ಬೆಣ್ಣೆ ಕೃಷ್ಣ, ಸುತ್ತ ಮಂಟಪ, ಪರದೆ. ಉಬ್ಬು ದಪ್ಪ, ಅದರೊಳಗೆ ಬಣ್ಣದ ಗಾಜು, ಕನ್ನಡಿ ಚೂರು, ಹರಳು ಕೂರಿಸಿರುತ್ತಾರೆ. ಚಿನ್ನ ಧಾರಾಳ. ಮೈಸೂರಿನದು ಮಿತದ ಕೈ. ಉಬ್ಬು ತೆಳು; ಎಷ್ಟೋ ಕಡೆ ಚಿತ್ರವನ್ನು ಬೆಳಕಿಗೆ ಓರೆ ಹಿಡಿದಾಗ ಮಾತ್ರ ಕಾಣುವಷ್ಟು. ಹರಳು ಕೂರಿಸುವ ರೂಢಿಯಿಲ್ಲ. ಚಿನ್ನ ಒಡವೆ, ಕಿರೀಟ, ಸೀರೆಯ ಅಂಚು, ಸಿಂಹಾಸನ, ಕಂಬ, ತೋರಣಗಳಿಗೆ ಮೀಸಲು. ಉಳಿದ ಜಾಗದಲ್ಲಿ ಆಕಾಶ, ಬೆಟ್ಟ, ಮರ, ನದಿ, ಅರಮನೆಯ ಒಳಾಂಗಣ, ಪರಿವಾರ ಎಲ್ಲಕ್ಕೂ ಎಡೆಯಿರುತ್ತದೆ. ಶ್ರೀರಾಮ ಪಟ್ಟಾಭಿಷೇಕ, ಗಿರಿಜಾ ಕಲ್ಯಾಣ, ದಶಾವತಾರ, ಚಾಮುಂಡೇಶ್ವರಿ, ರಾಜರಾಜೇಶ್ವರಿ, ಗಜಲಕ್ಷ್ಮಿ ಇಲ್ಲಿನ ಅಚ್ಚುಮೆಚ್ಚಿನ ವಸ್ತುಗಳು. ಪಟ್ಟಾಭಿಷೇಕದ ಒಂದು ಚಿತ್ರದಲ್ಲಿ ಹತ್ತಾರು ಮುಖಗಳಿದ್ದರೂ ಹನುಮಂತನ ಮುಖದ ಭಕ್ತಿಯೇ ಬೇರೆ, ವಿಭೀಷಣನ ಮುಖದ ವಿನಯವೇ ಬೇರೆ. ಹೊಳಪಿನ ಭರದಲ್ಲಿ ಮುಖ ಕಳೆದುಹೋಗಬಾರದೆಂಬುದು ಮೈಸೂರಿನ ಹಟ.

ಹುಣಸೆ ಕಡ್ಡಿಯಿಂದ ಬೆಣಚುಕಲ್ಲಿನವರೆಗೆ

ಕೆಲಸ ಶುರುವಾಗುವುದು ಹಲಗೆಯಿಂದ. ಕಾಗದವನ್ನೋ ಬಟ್ಟೆಯನ್ನೋ ಮರದ ಹಲಗೆಗೆ ಅಂಟಿಸಿ, ಮೇಲೆ ಬಿಳಿ ಲೇಪ ಕೊಟ್ಟು, ಒಣಗಿಸಿ, ಉಜ್ಜಿ ನುಣುಪು ಮಾಡುತ್ತಾರೆ. ಹಿಂದಿನವರು ಇದಕ್ಕೆ ನಯವಾದ ಬೆಣಚುಕಲ್ಲು ಬಳಸುತ್ತಿದ್ದರು. ಅಂಗೈ ಆಡಿಸಿದರೆ ಎಲ್ಲೂ ತಡೆಯಬಾರದು. ಇಲ್ಲಿ ಉಳಿದ ಒಂದು ಸಣ್ಣ ಉಬ್ಬುತಗ್ಗು ಕಡೆಯಲ್ಲಿ ಚಿನ್ನದ ಮೇಲೆ ಎದ್ದು ಕಾಣುತ್ತದೆ.

ಆಮೇಲೆ ಗೀಟು. ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯೊಳಗೆ ಸುಟ್ಟು ಮಾಡಿದ ಇದ್ದಿಲೇ ಚಿತ್ರಗಾರರ ಪೆನ್ಸಿಲ್ ಆಗಿತ್ತು. ದೇವರ ಮೈಯಳತೆಗೆ ಲೆಕ್ಕವುಂಟು: ಮುಖದ ಉದ್ದವೇ ಒಂದು ತಾಳ, ಉಳಿದ ಅಂಗಗಳೆಲ್ಲ ಅದರ ಲೆಕ್ಕದಲ್ಲಿ ಬರಬೇಕು. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂಬುದಕ್ಕೆ ಶಿಲ್ಪಶಾಸ್ತ್ರ, ಆಗಮಗಳು ಹೇಳುವ ಧ್ಯಾನಶ್ಲೋಕಗಳೇ ಆಧಾರ. ಚಿತ್ರಗಾರನ ಸ್ವಂತಿಕೆ ಕಾಣುವುದು ಅಳತೆಯೊಳಗಿನ ಬಾಗು–ಬಳುಕಿನಲ್ಲಿ, ಕಣ್ಣಿನ ಕೊನೆಯಲ್ಲಿ, ಬೆರಳ ತುದಿಯಲ್ಲಿ.

ಮೂರನೆಯದು ಉಬ್ಬು, ಮೈಸೂರು ಚಿತ್ರದ ಜೀವಾಳ. ಸೀಸದ ಬಿಳಿ ಪುಡಿ ಅಂದರೆ ಸಫೇದ, ‘ಮಕ್ಕಿ’ ಎಂಬ ಹಳದಿ ಮರದಂಟು, ಗೋಂದು ಈ ಮೂರನ್ನೂ ಸೇರಿಸಿ ಅರೆದ ಕಣಕವನ್ನು ಮಕ್ಕಿ ಸಫೇದ ಎನ್ನುತ್ತಾರೆ. ಮಲೆನಾಡಿನವರಿಗೆ ಗೊತ್ತಿರುವ ಮುರುಗಲು, ಉಪ್ಪಾಗೆಗಳ ಜಾತಿಯ ಮರದಿಂದ ಒಸರುವ ಅಂಟು ಈ ಮಕ್ಕಿ. ಗೋಂದು ಹೆಚ್ಚಾದರೆ ಉಬ್ಬು ಒಣಗುವಾಗ ಬಿರಿಯುತ್ತದೆ, ಕಡಿಮೆಯಾದರೆ ಪುಡಿಪುಡಿಯಾಗಿ ಉದುರುತ್ತದೆ. ಮಳೆಗಾಲಕ್ಕೊಂದು ಹದ, ಬೇಸಿಗೆಗೊಂದು ಹದ. ಕೈಯಳತೆಯಲ್ಲೇ ಕಲಿಯಬೇಕಾದ ವಿದ್ಯೆ ಇದು.

ಒಂದು ಕಂಠೀಹಾರ ಬಿಡಿಸುವುದನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ತಾಳ್ಮೆ ತಿಳಿಯುತ್ತದೆ. ಕುಂಚದ ತುದಿಗೆ ಕಣಕವನ್ನು ಹನಿಯಷ್ಟು ಎತ್ತಿಕೊಂಡು ಗೀಟಿನ ಮೇಲೆ ಎಳೆಯುವುದಿಲ್ಲ, ಇಳಿಸುತ್ತಾರೆ. ಹನಿ ತನ್ನ ಭಾರಕ್ಕೆ ತಾನೇ ದುಂಡಗೆ ಕೂರುತ್ತದೆ. ಅದರ ಪಕ್ಕ ಇನ್ನೊಂದು, ಮತ್ತೊಂದು. ಸಾಸಿವೆಗಿಂತ ಸಣ್ಣ ಮಣಿಗಳ ಒಂದು ಸಾಲು ಮುಗಿದರೆ ಅದು ಒಣಗುವ ತನಕ ಪಕ್ಕದ ಸಾಲಿಗೆ ಕೈ ಹಾಕುವಂತಿಲ್ಲ. ಒಣಗಿದ ಮೇಲೆ ಪದಕದ ನಡುವೆ ಎರಡನೇ ಲೇಪ, ಅದರ ಮೇಲೆ ಬೇಕಾದರೆ ಮೂರನೆಯದು. ಹೀಗೆ ಒಂದರ ಮೇಲೊಂದು ಬಂದ ತೆಳು ಪದರಗಳೇ ಒಡವೆಗೆ ಏರಿಳಿತ ಕೊಡುತ್ತವೆ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ವರ್ಷ ತುಂಬುವುದರೊಳಗೆ ಬಿರುಕು ಬಿಡುತ್ತದೆ.

ಉಬ್ಬು ಪೂರಾ ಒಣಗಿದ ಮೇಲೆ ರೇಕಿನ ಸರದಿ. ಚಿನ್ನದ ರೇಕು ಕಾಗದದ ಹಾಳೆಗಳ ನಡುವೆ ಪುಸ್ತಕದ ರೂಪದಲ್ಲಿ ಬರುತ್ತದೆ. ಅದನ್ನು ತೆರೆಯುವ ಮುನ್ನ ಫ್ಯಾನು ಆರಿಸಬೇಕು, ಕಿಟಕಿ ಮುಚ್ಚಬೇಕು. ಬೆರಳಿನಿಂದ ಮುಟ್ಟಿದರೆ ರೇಕು ಬೆರಳಿಗೇ ಅಂಟಿ ಹರಿಯುತ್ತದೆ. ಜೋರಾಗಿ ಉಸಿರು ಬಿಟ್ಟರೆ ಹಾರಿ ಮುದುಡುತ್ತದೆ. ಉಬ್ಬಿನ ಮೇಲೆ ಗೋಂದಿನ ನೀರು ಸವರಿ, ಅದು ಹಸಿಯೂ ಅಲ್ಲದ ಒಣಗಿಯೂ ಇರದ ಹೊತ್ತು ನೋಡಿ, ಒಣ ಕುಂಚದಿಂದ ರೇಕನ್ನು ಎತ್ತಿ ಮಲಗಿಸಿ, ಮೇಲಿನಿಂದ ಹತ್ತಿಯಲ್ಲಿ ಮೆತ್ತಗೆ ಒತ್ತುತ್ತಾರೆ. ಆಗ ಅಡಿಯಲ್ಲಿರುವ ಒಂದೊಂದು ಮಣಿಯೂ ಚಿನ್ನದಲ್ಲಿ ಮೂಡುತ್ತದೆ. ಅಂಟು ತಗುಲದ ಕಡೆಯ ರೇಕನ್ನು ಕುಂಚದಿಂದ ಝಾಡಿಸಿ ತೆಗೆದರೆ ಒಡವೆಯ ಅಂಚು ಸ್ವಚ್ಛವಾಗಿ ನಿಲ್ಲುತ್ತದೆ. ಮಕ್ಕಿಯ ಹಳದಿ ಇಲ್ಲಿ ಉಪಕಾರಕ್ಕೆ ಬರುತ್ತದೆ: ರೇಕು ಕೂದಲೆಳೆಯಷ್ಟು ಬಿರಿದರೂ ಅಡಿಯಿಂದ ಬಿಳಿ ಇಣುಕುವುದಿಲ್ಲ.

ಬಣ್ಣಗಳು ಹಿಂದೆ ಕಲ್ಲು, ಮಣ್ಣು, ಗಿಡಮರಗಳಿಂದ ಬರುತ್ತಿದ್ದವು. ಇಂಗಲೀಕದಿಂದ ಕೆಂಪು, ಹರಿತಾಳದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಜಾಜಿನಿಂದ ಕಾವಿ, ದೀಪದ ಕಾಡಿಗೆಯಿಂದ ಕಪ್ಪು. ಅಳಿಲು, ಆಡು, ಒಂಟೆಗಳ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು. ಅತಿ ಸಣ್ಣ ಗೀಟಿಗೆ ಹುಲ್ಲಿನ ಮೊನೆಯನ್ನೇ ಬಳಸುತ್ತಿದ್ದುದುಂಟು. ಹಳೆಯ ಕ್ರಮದಲ್ಲಿ ಮೊದಲು ಆಕಾಶ, ಬೆಟ್ಟ, ನದಿ. ಆಮೇಲೆ ಪ್ರಾಣಿ, ಮನುಷ್ಯರು. ಕಡೆಗೆ ಮುಖ, ಉಡುಗೆ, ಒಡವೆ. ಈಗ ಹಲವರು ಗೀಟಿನ ಬೆನ್ನಿಗೇ ಉಬ್ಬು, ರೇಕುಗಳನ್ನು ಮುಗಿಸಿಕೊಂಡು ಬಣ್ಣಕ್ಕೆ ಬರುತ್ತಾರೆ. ಕ್ರಮ ಯಾವುದಾದರೂ ಕೊನೆಯ ಕೆಲಸ ಒಂದೇ. ಚಿತ್ರದ ಮೇಲೆ ತೆಳು ಕಾಗದ ಹಾಸಿ ನುಣ್ಣನೆಯ ಕಲ್ಲಿನಿಂದ ಉಜ್ಜುತ್ತಾರೆ. ಕಾಗದ ಎತ್ತಿದಾಗ ಚಿನ್ನವೂ ಬಣ್ಣವೂ ಒಂದೇ ಮೈಯಾಗಿ ಹೊಳೆಯುತ್ತವೆ.

ಒಂದು ಗ್ರಾಂ ಎಷ್ಟಕ್ಕೆ ಬರುತ್ತದೆ?

ಚಿನ್ನದಷ್ಟು ಬಡಿತ ತಾಳುವ ಲೋಹ ಇನ್ನೊಂದಿಲ್ಲ. ಅತಿ ತೆಳುವಾದ ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಲೆಕ್ಕ ಹಾಕಿದರೆ ಆ ದಪ್ಪದಲ್ಲಿ ಒಂದೇ ಗ್ರಾಂ ಚಿನ್ನ ಅರ್ಧ ಚದರ ಮೀಟರಿಗೂ ಸ್ವಲ್ಪ ಹೆಚ್ಚು, ಅಂದರೆ ಸುಮಾರು ಐದೂವರೆ ಚದರ ಅಡಿ ಜಾಗ ಮುಚ್ಚುತ್ತದೆ. ಕೈಯಲ್ಲಿ ಬಡಿದ ರೇಕು ಇದಕ್ಕಿಂತ ದಪ್ಪವಿರುತ್ತದೆ, ಕತ್ತರಿಸುವಾಗ, ಝಾಡಿಸುವಾಗ ಒಂದಷ್ಟು ನಷ್ಟವಾಗುತ್ತದೆ. ಅದನ್ನೆಲ್ಲ ಸೇರಿಸಿಕೊಂಡರೂ ಮೈಸೂರು ಶೈಲಿಯ ಮಧ್ಯಮ ಗಾತ್ರದ ಪಟದಲ್ಲಿರುವುದು ಗ್ರಾಂಗಳ ಲೆಕ್ಕದ ಚಿನ್ನವೇ ಹೊರತು ತೊಲದ ಲೆಕ್ಕದ್ದಲ್ಲ. ಕೊಳ್ಳುವವರು ಕೊಡುವ ಹಣದಲ್ಲಿ ದೊಡ್ಡ ಪಾಲು ತಿಂಗಳುಗಟ್ಟಲೆ ಬಗ್ಗಿದ ಬೆನ್ನಿಗೆ, ಕಣ್ಣಿಗೆ, ಕೈಗೆ ಸಲ್ಲುತ್ತದೆ, ಸಲ್ಲಬೇಕು.

ಹಾಗಿದ್ದರೆ ಅಗ್ಗದ ರೇಕು ಹಚ್ಚಿದರೆ ಏನು ತಪ್ಪು? ತಪ್ಪು ಹತ್ತು ವರ್ಷದ ಮೇಲೆ ಗೊತ್ತಾಗುತ್ತದೆ. ಚಿನ್ನ ಗಾಳಿ, ತೇವ, ಹೊಗೆ ಯಾವುದಕ್ಕೂ ಬಣ್ಣಗೆಡುವುದಿಲ್ಲ. ಮಾರುಕಟ್ಟೆಯ ನಕಲಿ ರೇಕು ತಾಮ್ರ–ಸತುಗಳ ಮಿಶ್ರಣ, ಅಂದರೆ ಹಿತ್ತಾಳೆಯೇ. ಹೊಸತರಲ್ಲಿ ಅದು ಚಿನ್ನಕ್ಕಿಂತಲೂ ಹೆಚ್ಚು ಹೊಳೆದು, ತೇವ ತಗುಲುತ್ತಿದ್ದಂತೆ ಕಂದಿ, ಕೊನೆಗೆ ಕಪ್ಪು–ಹಸಿರಿಗೆ ತಿರುಗುತ್ತದೆ. ಬೆಳ್ಳಿಯ ರೇಕು ಗಾಳಿಯಲ್ಲಿನ ಗಂಧಕಕ್ಕೆ ಕಪ್ಪಾಗುತ್ತದೆ. ಎಷ್ಟು ವರ್ಷ ಕಳೆದರೂ ಹೊಳಪು ಕೆಡದಿರುವುದೇ ಚಿನ್ನದ ನಿಜವಾದ ಬೆಲೆ.

ನಮ್ಮ ಸೀಮೆಯ ನೆಲದಲ್ಲಿ

ಮೈಸೂರಿನ ಹೆಸರಿದೆಯೆಂದು ಈ ವಿದ್ಯೆ ಮೈಸೂರಿನಲ್ಲೇ ಹುಟ್ಟಿತೆಂದು ತಿಳಿಯಬೇಕಿಲ್ಲ. ಚಿತ್ರಕ್ಕೆ ಬಂಗಾರ ಹಚ್ಚುವ ಬಗೆಯನ್ನು ಕನ್ನಡ ನಾಡಿನ ದೊರೆಯೊಬ್ಬ ಎಂಟೊಂಬತ್ತು ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತದ ವಿಶ್ವಕೋಶ. ಅಡುಗೆಯಿಂದ ಆನೆಯವರೆಗೆ ಅದರಲ್ಲಿಲ್ಲದ ವಿಷಯವಿಲ್ಲ. ಚಿತ್ರದ ಭಾಗದಲ್ಲಿ ಎಮ್ಮೆಯ ಚರ್ಮ ಬೇಯಿಸಿ ತೆಗೆಯುವ ವಜ್ರಲೇಪವೆಂಬ ಅಂಟು, ಗೋಡೆಯನ್ನು ಹದಗೊಳಿಸುವ ಕ್ರಮ, ಕುಂಚಗಳ ಬಗೆ ಎಲ್ಲವೂ ಬರುತ್ತದೆ. ಚಿನ್ನದ ತೆಳು ತಗಡನ್ನು ಕಲ್ಲಿನ ಮೇಲೆ ನೀರು ಸೇರಿಸಿ ಅರೆದು, ತೊಳೆದು, ಅಂಟಿನೊಡನೆ ಕಲಸಿ ಕುಂಚದಿಂದ ಹಚ್ಚಬೇಕು. ಒಣಗಿದ ಮೇಲೆ ಕಾಡುಹಂದಿಯ ಕೋರೆಯಿಂದ ಉಜ್ಜಿ ಹೊಳಪು ತರಬೇಕು ಎಂಬ ವಿವರವೂ ಇದೆ. ಸೋಮೇಶ್ವರನದು ಅರೆದ ಚಿನ್ನ, ಮೈಸೂರಿನವರದು ಬಡಿದ ಚಿನ್ನ. ಕಡೆಯಲ್ಲಿ ಉಜ್ಜಿ ಬೆಳಗಿಸುವ ಕೆಲಸ ಮಾತ್ರ ಹಾಗೇ ಉಳಿದುಬಂದಿದೆ.

ಇನ್ನೂ ಹತ್ತಿರದ ಹೆಸರು ಕೆಳದಿ. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ ಊರಿನವರು. ಅದೇ ಚೆನ್ನಮ್ಮನ ದತ್ತುಮಗ ಬಸವಪ್ಪ ನಾಯಕ 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನು ಮುಗಿಸಿದ. ಅದರಲ್ಲಿಯೂ ಚಿತ್ರಕರ್ಮದ ವಿವರಣೆಯಿದೆ. ಕತ್ತಿ ಹಿಡಿದ ಮನೆತನದ ದೊರೆ ಬಣ್ಣದ ಹದವನ್ನೂ ಬರೆಯಬೇಕೆಂದುಕೊಂಡದ್ದು ಗಮನಿಸಬೇಕಾದ ಸಂಗತಿ.

ಚಾಲುಕ್ಯರಿಗೂ ಕೆಳದಿಗೂ ನಡುವೆ ವಿಜಯನಗರ. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಛಾವಣಿ, ಗಡಿಯಾಚೆಯ ಲೇಪಾಕ್ಷಿ, ನಮ್ಮ ಪಕ್ಕದ ಹಿರಿಯೂರಿನ ತೇರು ಮಲ್ಲೇಶ್ವರ ದೇವಸ್ಥಾನದ ಮುಖಮಂಟಪ ಇಲ್ಲೆಲ್ಲ ಆ ಕಾಲದ ಶೈಲಿಯ ಚಿತ್ರಗಳನ್ನು ಇವತ್ತಿಗೂ ತಲೆಯೆತ್ತಿ ನೋಡಬಹುದು. 1565ರ ರಕ್ಕಸಗಿ–ತಂಗಡಗಿ ಕಾಳಗದ ನಂತರ ಚಿತ್ರಗಾರ ಕುಟುಂಬಗಳು ಆಶ್ರಯ ಅರಸಿ ಚದುರಿದವು. ಪಾಳೆಯಗಾರರಲ್ಲಿ, ಸುರಪುರದಂಥ ಸಣ್ಣ ಸಂಸ್ಥಾನಗಳಲ್ಲಿ, ಕೊಪ್ಪಳದ ಕಿನ್ನಾಳದಲ್ಲಿ ನೆಲೆಸಿದವರುಂಟು. 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು ಒಂದಷ್ಟು ಮನೆತನಗಳಿಗೆ ಅಲ್ಲಿ ಆಸರೆ ಕೊಟ್ಟರು. ಮೈಸೂರು ಶೈಲಿಯ ಬೇರು ಅಲ್ಲಿಂದ ಇಳಿಯಿತು.

ದಂಗೆಯೆದ್ದ ಸೀಮೆ, ಚಿತ್ರ ಬರೆಸಿದ ದೊರೆ

ಮೈಸೂರು ಚಿತ್ರಕಲೆಯ ಹೊನ್ನಿನ ಕಾಲ ಮುಮ್ಮಡಿ ಕೃಷ್ಣರಾಜ ಒಡೆಯರದು. 1794ರಲ್ಲಿ ಹುಟ್ಟಿ, 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದವರು. ಅವರ ಬಾಳು ತಿರುವು ಪಡೆದದ್ದು ನಮ್ಮ ಕಡೆಯ ರೈತರಿಂದ.

ಶರತ್ತು ಪದ್ಧತಿಯ ಕಂದಾಯ ವಸೂಲಿ ಆಗ ರೈತರ ಕುತ್ತಿಗೆ ಹಿಡಿದಿತ್ತು. ಇಷ್ಟು ಹಣ ತಂದುಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟ ಅಮಲ್ದಾರ, ಆ ಹಣವನ್ನು ಹೇಗಾದರೂ ಹಿಂಡಿ ತೆಗೆಯುತ್ತಿದ್ದ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದರು. ಕೆಳದಿ ವಂಶದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದಾಳಾದ. ದಂಗೆ ಹೊನ್ನಾಳಿ, ತರೀಕೆರೆ ಕಡೆಗಳಿಗೂ ಹಬ್ಬಿತು. ಅದನ್ನೇ ನೆಪ ಮಾಡಿಕೊಂಡ ಬ್ರಿಟಿಷರು 1831ರಲ್ಲಿ ಆಡಳಿತವನ್ನು ದೊರೆಯ ಕೈಯಿಂದ ಕಿತ್ತುಕೊಂಡು ಕಮಿಷನರುಗಳನ್ನು ಕೂರಿಸಿದರು. ಒಡೆಯರಿಗೆ ಉಳಿದದ್ದು ಪಟ್ಟ, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಕಂದಾಯದಲ್ಲಿ ಐದನೇ ಒಂದು ಪಾಲು.

ರಾಜ್ಯವಿಲ್ಲದ ದೊರೆಗೆ ಬಿಡುವಿತ್ತು, ಹಣವಿತ್ತು, ವಿದ್ವಾಂಸರೂ ಚಿತ್ರಗಾರರೂ ಇದ್ದರು. ಅದಕ್ಕೂ ಮುಂಚೆ ಅವರು ಕಲೆಗೆ ಆಶ್ರಯ ಕೊಟ್ಟಿರಲಿಲ್ಲವೆಂದಲ್ಲ. ಆದರೆ 1868ರಲ್ಲಿ ತೀರಿಕೊಳ್ಳುವವರೆಗಿನ ಮೂವತ್ತೇಳು ವರ್ಷ ಅವರ ಅರಮನೆ ಒಂದು ದೊಡ್ಡ ಕಾರ್ಯಾಗಾರವೇ ಆಯಿತು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಗ್ರಂಥ: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಯಾವ ದೇವತೆಯನ್ನು ಯಾವ ರೂಪ, ಬಣ್ಣ, ಆಯುಧ, ವಾಹನಗಳಲ್ಲಿ ಬರೆಯಬೇಕೆಂಬುದಕ್ಕೆ ಚಿತ್ರಗಾರರಿಗೆ ಇದೇ ಕೈಪಿಡಿ. ಕೌತುಕ ನಿಧಿಯಲ್ಲಿರುವ 122 ಯೋಗಾಸನಗಳ ಚಿತ್ರಗಳನ್ನು ಇವತ್ತು ಜಗತ್ತಿನ ಯೋಗ ಚರಿತ್ರಕಾರರು ಹುಡುಕಿಕೊಂಡು ಬರುತ್ತಾರೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದರ ಕೆಲವು ಸಂಪುಟಗಳನ್ನು ಅಚ್ಚು ಹಾಕಿಸಿದೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳಲ್ಲಿ ಆ ಕಾಲದ ಚಿತ್ರಗಾರರ ಕೈ ಕಾಣಬಹುದು. ಯದುವಂಶದ ದೊರೆಗಳನ್ನೆಲ್ಲ ತಾವರೆಯ ದಳಗಳಲ್ಲಿ ಕೂರಿಸಿದ ‘ಸಂತಾನಾಂಬುಜ’ ಅಲ್ಲಿಯ ಹೆಸರಾಂತ ಚಿತ್ರ.

ಇಷ್ಟೆಲ್ಲ ಬರೆದವರಲ್ಲಿ ಹೆಚ್ಚಿನವರು ಹೆಸರು ಹಾಕಲಿಲ್ಲ. ಸುಂದರಯ್ಯ, ತಂಜಾವೂರು ಕೊಂಡಯ್ಯ, ಆಳಸಿಂಗರಯ್ಯ ಹೀಗೆ ಬೆರಳೆಣಿಕೆಯ ಹೆಸರುಗಳು ಉಳಿದಿವೆ. ಕೊಂಡಯ್ಯನ ಹೆಸರಿನ ಹಿಂದಿನ ತಂಜಾವೂರೇ ಹೇಳುವಂತೆ ಎರಡು ಶೈಲಿಗಳ ನಡುವೆ ಜನರ ಹೋಗುಬರವಿತ್ತು. ಪೈಪೋಟಿಯ ಮಾತು ಆಮೇಲೆ ಬಂದದ್ದು.

ಅಚ್ಚಿನ ದೇವರು ಬಂದ ಮೇಲೆ

ಮುಮ್ಮಡಿಯವರ ನಂತರ ಅರಮನೆಯ ರುಚಿ ಬದಲಾಯಿತು. ಎಣ್ಣೆಬಣ್ಣದ ಭಾವಚಿತ್ರಗಳಿಗೆ ಬೆಲೆ ಬಂತು. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಅಚ್ಚಿನ ಪಟಗಳಾಗಿ ಊರೂರು ತಲುಪಿದರು. ಮೊದಲಿಗೆ ನೆನೆದ ಅಟ್ಟದ ಮೇಲಿನ ಪಟವೂ ಅದೇ ಸಂತಾನದ್ದು. ಅಲ್ಲಿಯವರೆಗೆ ಶ್ರೀಮಂತರ ಮನೆ, ಮಠ, ದೇವಸ್ಥಾನಗಳಲ್ಲಿ ಮಾತ್ರ ಇದ್ದ ದೇವರ ಚಿತ್ರ ಬಡವರ ಗುಡಿಸಲಿಗೂ ಬಂದದ್ದು ಒಳ್ಳೆಯದೇ. ಪೆಟ್ಟು ಬಿದ್ದದ್ದು ಕೈಯಲ್ಲಿ ಬರೆಯುವವರ ಹೊಟ್ಟೆಗೆ. ಚಿತ್ರಗಾರರ ಮಕ್ಕಳು ಬೇರೆ ಕಸುಬು ನೋಡಿಕೊಂಡರು. ಅರಮನೆಯ ಚಿತ್ರಗಾರ ಮನೆತನದಲ್ಲೇ ಹುಟ್ಟಿದ ಕೆ. ವೆಂಕಟಪ್ಪ (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿ ಬೇರೆಯೇ ದಾರಿ ಹಿಡಿದರು.

ಹಳೆಯ ಚಿತ್ರಗಳನ್ನು ಹುಡುಕಿ, ಕೂಡಿಟ್ಟು, ಜನರ ಕಣ್ಣಿಗೆ ಮತ್ತೆ ತಂದದ್ದರಲ್ಲಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ, ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರ ಪಾಲು ದೊಡ್ಡದು. ಪರಿಷತ್ತಿನ ಸಂಗ್ರಹಾಲಯದಲ್ಲಿ ಮೈಸೂರು ಶೈಲಿಗೇ ಮೀಸಲಾದ ಗ್ಯಾಲರಿಯಿದೆ. 2005ರಲ್ಲಿ ‘ಮೈಸೂರು ಸಾಂಪ್ರದಾಯಿಕ ಚಿತ್ರಕಲೆ’ಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಈಗ ಕಲಿಯುತ್ತಿರುವವರಲ್ಲಿ ಜಾತಿಯ ಕಟ್ಟಿಲ್ಲ. ಗೃಹಿಣಿಯರು, ನಿವೃತ್ತರು, ಕಾಲೇಜು ಹುಡುಗಿಯರು ಬೇಸಿಗೆ ಶಿಬಿರಗಳಲ್ಲಿ ಹಲಗೆ ಹಿಡಿದು ಕೂರುತ್ತಾರೆ. ಸೀಸದ ಸಫೇದ ವಿಷವೆಂದು ಗೊತ್ತಾದ ಮೇಲೆ ಅದರ ಜಾಗಕ್ಕೆ ಸತುವಿನ ಬಿಳಿ ಬಂದಿದೆ. ಅರೆದ ಕಲ್ಲುಬಣ್ಣಗಳ ಬದಲು ಪೋಸ್ಟರ್ ಬಣ್ಣ, ಜಲವರ್ಣದ ಟ್ಯೂಬುಗಳು ಬಂದಿವೆ. ಇದರಿಂದ ಶೈಲಿ ಕೆಟ್ಟಿತೆನ್ನಲಾಗದು. ಕೆಡುವುದು ಗೀಟಿಗೆ ಕೊಡುವ ಸಮಯವನ್ನು ಉಳಿಸಹೊರಟಾಗ. ಟ್ರೇಸಿಂಗ್ ಕಾಗದದಿಂದ ಇಳಿಸಿದ ನಕಲಿನ ಮೇಲೆ ಕೊಳವೆಯಿಂದ ಹಿಂಡಿದ ದಪ್ಪ ಉಬ್ಬು ಹಾಕಿ ರೇಕು ಮೆತ್ತಿದರೆ ಪಟ ಎರಡು ದಿನದಲ್ಲಿ ಮುಗಿಯುತ್ತದೆ, ಹೊಳೆಯುತ್ತಲೂ ಇರುತ್ತದೆ. ಅದರಲ್ಲಿ ದೇವರ ಮುಖವಿರುವುದಿಲ್ಲ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಪಟ ಕೊಳ್ಳಲು ಹೊರಟವರು ಮೊದಲು ಚಿನ್ನ ಬಿಟ್ಟು ಮುಖ ನೋಡಿ. ಕಣ್ಣೆರಡೂ ಒಂದೇ ಕಡೆ ನೋಡುತ್ತಿವೆಯೇ? ಬೆರಳುಗಳು ಬೆರಳುಗಳಂತಿವೆಯೇ, ಕಡ್ಡಿಗಳಂತಿವೆಯೇ? ಆಮೇಲೆ ಮೊಬೈಲಿನ ಟಾರ್ಚು ಹಾಕಿ ಬೆಳಕನ್ನು ಪಕ್ಕದಿಂದ ಬಿಡಿ. ಕೈಯಲ್ಲಿ ಇಳಿಸಿದ ಉಬ್ಬಿನಲ್ಲಿ ಮಣಿಯಿಂದ ಮಣಿಗೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಎಲ್ಲವೂ ಅಚ್ಚು ಹೊಡೆದಂತೆ ಒಂದೇ ಸಮವಿದ್ದರೆ ಅದು ಅಚ್ಚು ಹೊಡೆದದ್ದೇ. ರೇಕಿನ ಅಂಚಿನಲ್ಲಿ ಕೆಂಪಿನದೋ ಕಪ್ಪಿನದೋ ಸಣ್ಣ ಗೀಟು ನಡುಗದೆ ಸಾಗಿದೆಯೇ ಗಮನಿಸಿ. ಇಷ್ಟು ಒಪ್ಪಿಗೆಯಾದ ಮೇಲೆ ರೇಕಿನ ಮಾತು: ಎಷ್ಟು ಕ್ಯಾರೆಟ್, ಚಿನ್ನದ್ದೋ ನಕಲಿಯೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ. ಜಿಐ ಮಾನ್ಯತೆ ಶೈಲಿಯ ಹೆಸರನ್ನು ಕಾಯುತ್ತದೆ. ನಿಮ್ಮ ಕೈಯಲ್ಲಿರುವ ಪಟದ ಚಿನ್ನಕ್ಕೆ ಅದೊಂದೇ ಜಾಮೀನಾಗದು. ಸರ್ಕಾರಿ ಕರಕುಶಲ ನಿಗಮದ ಕಾವೇರಿ ಮಳಿಗೆಗಳಲ್ಲಿ ಒಂದೆರಡು ಒಳ್ಳೆಯ ಚಿತ್ರಗಳನ್ನು ನೋಡಿ ಕಣ್ಣು ಪಳಗಿಸಿಕೊಂಡು ಬೇರೆ ಅಂಗಡಿ ಹೊಕ್ಕರೆ ಮೋಸ ಹೋಗುವುದು ಕಡಿಮೆ.

ಮನೆಗೆ ತಂದ ಮೇಲಿನ ಕಾಳಜಿ ನಮ್ಮ ಕಡೆಗೆ ಇನ್ನೂ ಮುಖ್ಯ. ಉಬ್ಬನ್ನೂ ರೇಕನ್ನೂ ಹಿಡಿದಿರುವುದು ಗೋಂದು. ಗೋಂದು ನೀರಿಗೆ ಕರಗುತ್ತದೆ. ಆದ್ದರಿಂದ ಹಬ್ಬದ ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಪಟ ಒರೆಸುವ ಅಭ್ಯಾಸ ಚಿತ್ರದ ಮೈಗೆ ಬೇಡ. ಮುಂದೆ ಗಾಜು ಇರಲಿ, ಗಾಜು ಚಿತ್ರಕ್ಕೆ ತಾಗದಂತೆ ಕಟ್ಟಿನೊಳಗೆ ಸ್ವಲ್ಪ ಅಂತರವಿರಲಿ. ವಿಭೂತಿ, ಕುಂಕುಮ, ಗಂಧ ಏನಿದ್ದರೂ ಗಾಜಿನ ಮೇಲೆ. ಮಳೆಗಾಲದಲ್ಲಿ ನೀರು ಹೀರುವ ಗೋಡೆಗೂ ಬಚ್ಚಲಿಗೆ ಅಂಟಿದ ಗೋಡೆಗೂ ತೂಗುಹಾಕಬೇಡಿ. ಬೂಷ್ಟು ಹಿಡಿದರೆ ಮೊದಲು ಸಾಯುವುದು ಕಾಗದ. ನೇರ ಬಿಸಿಲಿಗೆ ಚಿನ್ನ ಜಗ್ಗುವುದಿಲ್ಲ, ಗಿಡಮರಗಳಿಂದ ತೆಗೆದ ಬಣ್ಣಗಳು ಮಾಸುತ್ತವೆ. ದೀಪ, ಊದುಬತ್ತಿಗಳನ್ನು ಪಟದಿಂದ ಒಂದಿಷ್ಟು ದೂರದಲ್ಲಿಡಿ. ಮನೆಯಲ್ಲಿ ಅಜ್ಜಂದಿರ ಕಾಲದ ಕೈಬರಹದ ಪಟವಿದ್ದರೆ ಅದನ್ನು ‘ಹೊಸತು ಮಾಡಿಸಲು’ ಸೈನ್‌ಬೋರ್ಡ್ ಬರೆಯುವವರಿಗೆ ಕೊಡಬೇಡಿ. ಧೂಳು, ಹೊಗೆ ತೆಗೆಯುವುದಕ್ಕೂ ಬಲ್ಲವರು ಬೇಕು.

ಒಂದು ಮಾತು ದಾವಣಗೆರೆ ಜಿಲ್ಲೆಯ ಓದುಗರಿಗೆ. ನಮ್ಮ ಜಿಲ್ಲೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಅಲ್ಲಿಂದ ವರ್ಷವರ್ಷವೂ ಕೈಯಲ್ಲಿ ಕುಂಚವಿರುವ ಹುಡುಗ ಹುಡುಗಿಯರು ಹೊರಬರುತ್ತಾರೆ. ಅವರಿಗೆ ಕೊರತೆಯಾಗಿರುವುದು ವಿದ್ಯೆಗಿಂತ ಹೆಚ್ಚಾಗಿ ಚಿತ್ರ ಬರೆಸುವವರು. ಅಡಿಕೆಗೆ ಬೆಲೆ ಬಂದ ವರ್ಷ ಮನೆ ಕಟ್ಟಿಸುವವರು ಪಾಯ ಹಾಕುವ ದಿನವೇ ಒಬ್ಬ ಕಲಾವಿದರನ್ನು ಹುಡುಕಿ ಮುಂಗಡ ಕೊಟ್ಟು ಒಂದು ಗಿರಿಜಾ ಕಲ್ಯಾಣವನ್ನೋ ಪಟ್ಟಾಭಿಷೇಕವನ್ನೋ ಬರೆಸಲಿ. ಮನೆ ಮುಗಿಯುವ ಹೊತ್ತಿಗೆ ಚಿತ್ರವೂ ಮುಗಿದಿರುತ್ತದೆ. ರೇಕಿಗೆ ಹಣ ಸಾಲದಿದ್ದರೆ ಚಿಂತೆಯಿಲ್ಲ. ಚಿತ್ರ ಸಣ್ಣದಾಗಲಿ, ಚಿನ್ನ ಕಿರೀಟಕ್ಕಷ್ಟೇ ಇರಲಿ. ಬರೆದವರ ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.